ಹೆಸರಿನ ಹಿಂದಿನ ಎರಡಕ್ಷರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಯಾವನಾದರೊಬ್ಬ ಗೃಹಸ್ಥನನ್ನು ನಿಲ್ಲಿಸಿ, ‘ನಿಮ್ಮ ಮನೆತನದ ಹೆಸರೇನು?’ ಎಂದು ಕೇಳಿದರೆ ಆತ ಸ್ವಲ್ಪ ತಡವರಿಸುತ್ತಾನೆ. ಊರು ಯಾವುದೆಂದು ಕೇಳಿದರೆ ಥಟ್ಟನೆ ಹೇಳುತ್ತಾನೆ. ತಂದೆ ಯಾರೆಂದರೆ ಹೇಳುತ್ತಾನೆ. ಮನೆದೇವರು ಯಾವುದೆಂದರೆ ಕೈಮುಗಿದು ಹೇಳುತ್ತಾನೆ. ಆದರೆ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬದಲಾಗದೆ ಇಳಿದು ಬರುವ ಒಂದು ಹೆಸರು, ಪಾಟೀಲ, ಕುಲಕರ್ಣಿ, ದೇಸಾಯಿ, ಹಿರೇಮಠ ಎಂಬಂಥದು, ಅವನಲ್ಲಿಲ್ಲ. ಧಾರವಾಡ, ಬೆಳಗಾವಿಗಳ ಕಡೆ ಬೆಲ್ಲದ, ಅಂಗಡಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳನ್ನು ಕೇಳಿ ಹಳೆಯ ಮೈಸೂರಿನವರು ನಗುವುದುಂಟು. ನಗುವವರ ಬಳಿ ತಮ್ಮದೆಂದು ಹೇಳಿಕೊಳ್ಳಲು ಅಷ್ಟೂ ಇಲ್ಲವೆಂಬುದು ಅವರಿಗೆ ಹೊಳೆಯುವುದು ಅರ್ಜಿಯ ನಮೂನೆಯಲ್ಲಿ ‘ಸರ್‌ನೇಮ್’ ಎಂಬ ಮನೆಯನ್ನು ತುಂಬಬೇಕಾದಾಗ ಮಾತ್ರ.

ನಮ್ಮಲ್ಲಿರುವುದು ಹೆಸರಿನ ಹಿಂದಿನ ಎರಡಕ್ಷರ. ಇನಿಷಿಯಲ್ ಎಂದು ಹಳ್ಳಿಗರೂ ಹೇಳುವ ಎರಡಕ್ಷರ. ಮೊದಲನೆಯದು ಊರಿನದು, ಎರಡನೆಯದು ತಂದೆಯದು. ಸಾಹಿತ್ಯಪ್ರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡಿ.ವಿ.ಜಿ. ಎಂದರೆ ದೇವನಹಳ್ಳಿಯ ವೆಂಕಟರಮಣಯ್ಯನವರ ಮಗ ಗುಂಡಪ್ಪ; ಕುವೆಂಪು ಎಂದರೆ ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ. ರಾಮನಗರದ ಹೆದ್ದಾರಿಯ ಪಕ್ಕದಲ್ಲಿ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಹೆರಗನಹಳ್ಳಿಯ ಲಿಂಗೇಗೌಡರ ಮಗ ನಾಗೇಗೌಡರು. ಹೀಗೆ ಬಿಡಿಸಿ ಓದಿದರೆ ಹೆಸರು ಹೆಸರಾಗಿ ಉಳಿಯುವುದಿಲ್ಲ, ಒಂದು ಪುಟ್ಟ ವಾಕ್ಯವಾಗುತ್ತದೆ.

ಈ ವಾಕ್ಯದ ಸ್ವಾರಸ್ಯವೇನೆಂದರೆ ಅದು ತಲೆಮಾರಿಗೊಮ್ಮೆ ಬದಲಾಗುತ್ತದೆ. ಕೇಳುಗರಿಗೆಲ್ಲ ಪರಿಚಿತವಾದ ಒಂದು ಉದಾಹರಣೆಯನ್ನೇ ನೋಡೋಣ. 1994ರಲ್ಲಿ ರಾಮನಗರ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಗಳಾಗಿ, 1996ರಲ್ಲಿ ಪ್ರಧಾನಮಂತ್ರಿಗಳಾದವರು ಎಚ್.ಡಿ. ದೇವೇಗೌಡರು. ಅವರ ಮಗ ಎಚ್.ಡಿ. ಕುಮಾರಸ್ವಾಮಿಯವರು. ಎರಡು ಹೆಸರಿನ ಹಿಂದೆಯೂ ಅದೇ ‘ಎಚ್.ಡಿ.’ ಇರುವುದನ್ನು ಕಂಡು ಉತ್ತರದೇಶದವರು ಇದೇ ಇವರ ಮನೆತನದ ಗುರುತೆಂದು ತಿಳಿಯುತ್ತಾರೆ. ಹಾಗಲ್ಲ. ‘ಎಚ್’ ಎರಡರಲ್ಲಿಯೂ ಹರದನಹಳ್ಳಿಯೇ. ಆದರೆ ತಂದೆಯ ‘ಡಿ’ ದೊಡ್ಡೇಗೌಡರು, ಮಗನ ‘ಡಿ’ ದೇವೇಗೌಡರು. ಅಕ್ಷರ ಒಂದೇ, ಮನುಷ್ಯ ಬೇರೆ. ಮೂರನೆಯ ತಲೆಮಾರಿಗೆ ಬಂದರೆ ಎರಡಕ್ಷರವೂ ಹೋಗಿ, ತಂದೆಯ ಹೆಸರು ಹಿಂದಿನಿಂದ ಮುಂದಕ್ಕೆ ಬಂದು ‘ನಿಖಿಲ್ ಕುಮಾರಸ್ವಾಮಿ’ ಎಂದಾಗಿದೆ. ಹೆಸರಿಡುವ ಪದ್ಧತಿ ಈ ಸೀಮೆಯಲ್ಲಿ ನೂರು ವರ್ಷದಲ್ಲಿ ಹೇಗೆ ಹೊರಳಿತೆಂಬುದನ್ನು ತಿಳಿಯಲು ಈ ಮೂರು ಹೆಸರುಗಳನ್ನು ಸಾಲಾಗಿ ಬರೆದುಕೊಂಡರೆ ಸಾಕು. ಕನಕಪುರ ತಾಲ್ಲೂಕಿನ ದೊಡ್ಡಾಲಹಳ್ಳಿಯ ಕೆಂಪೇಗೌಡರ ಮಕ್ಕಳಾದ ಡಿ.ಕೆ. ಶಿವಕುಮಾರ್ ಮತ್ತು ಡಿ.ಕೆ. ಸುರೇಶ್ ಅವರ ವಿಷಯದಲ್ಲಿ ಇನ್ನೊಂದು ಬಗೆಯಾಗಿದೆ. ಅಲ್ಲಿ ಅಣ್ಣತಮ್ಮಂದಿರಿಬ್ಬರಿಗೂ ಸಮಾನವಾದ ‘ಡಿ.ಕೆ.’ ಎಂಬ ಎರಡಕ್ಷರವೇ ಜನರ ಬಾಯಲ್ಲಿ ಮನೆತನದ ಹೆಸರಿನಂತೆ ನಡೆಯುತ್ತಿದೆ.

ಇದು ನಮ್ಮದೊಂದೇ ನಾಡಿನ ವಿಚಿತ್ರವೆಂದು ಭಾವಿಸಬೇಕಾಗಿಲ್ಲ. ಯೂರೋಪಿನ ಆಗ್ನೇಯ ಮೂಲೆಯಲ್ಲಿರುವ ಬಲ್ಗೇರಿಯ ದೇಶದ ಹೆಸರುಗಳ ವಿಚಾರ ಓದುವಾಗ ನನಗೆ ಮಾಗಡಿ, ಕನಕಪುರಗಳೇ ಮತ್ತೆ ಮತ್ತೆ ನೆನಪಾದವು. ಅಲ್ಲಿಯ ಹೆಸರುಗಳ ಕೊನೆಗೆ ‘ಓವ್’, ‘ಎವ್’ ಎಂದು ಬರುತ್ತದಲ್ಲ, ಅದು ನಮ್ಮ ಷಷ್ಠೀ ವಿಭಕ್ತಿಯ ‘ನ’ಕಾರವಿದ್ದಂತೆ. ‘ಇವಾನೋವ್’ ಎಂದರೆ ‘ಇವಾನನ’. ಮಗಳಾದರೆ ‘ಇವಾನೋವಾ’. ಬಲ್ಗೇರಿಯದ ಮಹಾಕವಿ, 1876ರಲ್ಲಿ ತುರ್ಕರ ವಿರುದ್ಧದ ಹೋರಾಟದಲ್ಲಿ ಮಡಿದ ಹ್ರಿಸ್ತೋ ಬೋತೆವ್‌ನ ತಂದೆಯ ಹೆಸರು ಬೋತ್ಯೋ ಪೆತ್ಕೋವ್. ತಂದೆಯದು ಪೆತ್ಕೋವ್, ಮಗನದು ಬೋತೆವ್; ಏಕೆ? ಪೆತ್ಕೋನ ಮಗ ಬೋತ್ಯೋ, ಬೋತ್ಯೋನ ಮಗ ಹ್ರಿಸ್ತೋ. ದೊಡ್ಡೇಗೌಡರ ಮಗ ದೇವೇಗೌಡರು, ದೇವೇಗೌಡರ ಮಗ ಕುಮಾರಸ್ವಾಮಿ ಎಂಬಲ್ಲಿರುವುದೂ ಇದೇ ವ್ಯಾಕರಣ. ಬಲ್ಗೇರಿಯದಲ್ಲಿ ಈ ಸರಪಳಿ ಮುಂದೆ ಒಂದು ಕಡೆ ನಿಂತು, ಅಜ್ಜನದೋ ಮುತ್ತಜ್ಜನದೋ ಹೆಸರು ಮನೆತನದ ಹೆಸರಾಗಿ ಗಟ್ಟಿಗೊಂಡಿತು. ಕಮ್ಮಾರನ ವಂಶದವನು ಕೊವಾಚೆವ್, ಪಾದ್ರಿಯ ವಂಶದವನು ಪೊಪೋವ್ ಎಂದೂ ಆದವು. ನಮ್ಮಲ್ಲಿ ಅದು ನಿಲ್ಲಲೇ ಇಲ್ಲ.

ನಮ್ಮಲ್ಲಿ ಇದು ಎಷ್ಟು ಹಳೆಯದು? ಎರಡಕ್ಷರವನ್ನು ಇಂಗ್ಲಿಷಿನಲ್ಲಿ ಮೊಟಕುಮಾಡಿ ಬರೆಯುವುದು ಶಾಲೆ ಕಚೇರಿಗಳ ಕಾಲದ್ದು. ಆದರೆ ಊರು, ತಂದೆ ಈ ಎರಡರಿಂದ ಮನುಷ್ಯನನ್ನು ಗುರುತಿಸುವ ಕ್ರಮ ಶಾಸನಗಳಷ್ಟು ಹಳೆಯದು. ಲೂಯಿ ರೈಸರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ಸೀಮೆಯ ಕಲ್ಲುಗಳ ಬರಹಗಳೂ ಸೇರಿವೆ. ಕನ್ನಡ ಶಾಸನಗಳಲ್ಲಿ ಎಲ್ಲೆಲ್ಲಿಯೂ ಕಾಣುವ ಮಾತಿನ ಧಾಟಿ ಒಂದೇ: ಇಂಥ ಊರಿನ ಇಂಥ ಗಾವುಂಡನ ಮಗ ಇಂಥವನು. ಈ ‘ಗಾವುಂಡ’ನೇ ಸವೆದು ‘ಗೌಡ’ನಾದದ್ದು. ಅಂದರೆ ಗೌಡ ಎಂಬುದು ಮೊದಲಿಗೆ ಜಾತಿಯ ಹೆಸರೂ ಅಲ್ಲ, ಮನೆತನದ ಹೆಸರೂ ಅಲ್ಲ. ಊರಿನ ಯಜಮಾನಿಕೆಯ ಹೆಸರು. ಉತ್ತರದಲ್ಲಿ ಪಾಟೀಲ, ಕುಲಕರ್ಣಿ ಎಂಬ ಊರಿನ ಅಧಿಕಾರಗಳು ಅಡ್ಡಹೆಸರುಗಳಾಗಿ ನಿಂತುಬಿಟ್ಟವು. ಇಲ್ಲಿ ಪಟೇಲ, ಶಾನುಭೋಗ ಎಂಬವು ಹೆಸರಿನ ಮುಂದೆ ಪಟ್ಟದಂತೆ ಇದ್ದು, ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾಯಿದೆ ಜಾರಿಗೆ ಬಂದ ಮೇಲೆ ಬಹುಮಟ್ಟಿಗೆ ಕಳಚಿಬಿದ್ದವು.

ಶಾಸನದ ಆ ‘ಮಗ’ ಎಂಬ ಮಾತು ರೆವಿನ್ಯೂ ದಫ್ತರಕ್ಕೆ ಬಂದಾಗ ‘ಬಿನ್’ ಎಂದಾಯಿತು. ಚಿಕ್ಕಯ್ಯ ಬಿನ್ ದೊಡ್ಡಯ್ಯ. ನಿಂಗಮ್ಮ ಕೋಂ ಕೆಂಪಯ್ಯ. ‘ಬಿನ್’ ಅರಬ್ಬಿ ಶಬ್ದ, ಮಗ ಎಂದರ್ಥ. ‘ಕೋಂ’ ಎಂದರೆ ಹೆಂಡತಿ. ಮರುಭೂಮಿಯಲ್ಲಿ ಹುಟ್ಟಿದ ಒಂದು ಶಬ್ದ ಅರ್ಕಾವತಿಯ ದಡದ ರಾಗಿಹೊಲದ ಪಹಣಿಯಲ್ಲಿ ಎರಡು ಅಚ್ಚಕನ್ನಡ ಹೆಸರುಗಳ ನಡುವೆ ಕುಳಿತು, ಯಾರಿಗೂ ಪರಕೀಯವೆನಿಸದೆ, ಆಸ್ತಿಯ ವ್ಯಾಜ್ಯಗಳನ್ನು ತೀರ್ಮಾನಿಸುತ್ತ ಬಂದಿದೆ. ಭಾಷೆಯ ಶುದ್ಧಿಯನ್ನು ಕುರಿತು ವಾದಿಸುವವರು ಒಮ್ಮೆ ತಾಲ್ಲೂಕು ಕಚೇರಿಗೆ ಹೋಗಿಬರಬೇಕು. ಇನ್ನು ಬಾಯಿಮಾತಿನಲ್ಲಿ ಬಿನ್ನೂ ಬೇಡ, ಮಗನೂ ಬೇಡ; ‘ಕೆಂಪಯ್ಯನ ನಿಂಗ’ ಎಂದರೆ ಮುಗಿಯಿತು. ತಂದೆ ತೀರಿಹೋಗಿ ತಾಯಿಯೇ ಸಂಸಾರವನ್ನು ಎತ್ತಿನಿಲ್ಲಿಸಿದ ಮನೆಯಾದರೆ ‘ತಾಯಮ್ಮನ ಕೃಷ್ಣ’ ಎನ್ನುತ್ತಾರೆ. ದಫ್ತರ ಕೊಡದ ಗೌರವವನ್ನು ಊರು ಆ ತಾಯಿಗೆ ಹೀಗೆ ಕೊಡುತ್ತದೆ.

ಊರಿನ ಹೆಸರನ್ನು ಮನುಷ್ಯ ಹೊರುತ್ತಾನೆಂದೆ. ಊರು ತಾನೇ ಯಾರ ಹೆಸರನ್ನು ಹೊತ್ತಿದೆ ಎಂದು ವಿಚಾರಿಸಿದರೆ ಕಥೆ ಇನ್ನೊಂದು ಸುತ್ತು ತಿರುಗುತ್ತದೆ. ಈ ಸೀಮೆಯಲ್ಲಿ, ಅದರಲ್ಲಿಯೂ ಕನಕಪುರ, ರಾಮನಗರ, ಚನ್ನಪಟ್ಟಣಗಳ ಕಾಡಂಚಿನಲ್ಲಿ, ‘ದೊಡ್ಡಿ’ ಎಂದು ಕೊನೆಗೊಳ್ಳುವ ಹಳ್ಳಿಗಳು ಲೆಕ್ಕವಿಲ್ಲದಷ್ಟು. ದೊಡ್ಡಿಯೆಂದರೆ ದನ ಕೂಡುವ ಜಾಗ. ಯಾವನೋ ಒಬ್ಬ ಗೌಡ ದನಗಳನ್ನು ಮೇವಿಗೆಂದು ಹೊಡೆದುಕೊಂಡು ಹೋಗಿ ಬೇಲಿ ಹಾಕಿದ. ಅದರ ಪಕ್ಕದಲ್ಲಿ ಒಂದು ಗುಡಿಸಲಾಯಿತು, ನಾಲ್ಕಾದವು, ಹಳ್ಳಿಯಾಯಿತು. ಇಂಥವನ ದೊಡ್ಡಿ ಎಂದು ಅವನ ಹೆಸರು ನಿಂತಿತು. ಕೆಂಗಲ್ ಹನುಮಂತಯ್ಯನವರು 1908ರಲ್ಲಿ ಹುಟ್ಟಿದ್ದು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ. ಆ ಲಕ್ಕಪ್ಪ ಯಾರೋ! ಅವನ ಹೊಲಮನೆಗಳ ಲೆಕ್ಕ ಅಳಿಸಿಹೋದ ಮೇಲೂ ಹೆಸರು ಮಾತ್ರ ಊರಾಗಿ ಉಳಿದಿದೆ. ಇಂಥ ಹಳ್ಳಿಯ ಮಗುವೊಂದು ಊರಿನ ಮೊದಲಕ್ಷರವನ್ನು ತನ್ನ ಹೆಸರಿಗೆ ಸೇರಿಸಿಕೊಂಡಾಗ, ತನಗೆ ತಿಳಿಯದೆಯೇ, ತಲೆಮಾರುಗಳ ಹಿಂದಿನ ಒಬ್ಬ ಪೂರ್ವಿಕನ ಹೆಸರನ್ನು ಹೊರುತ್ತದೆ. ಮನೆತನದ ಹೆಸರಿಲ್ಲವೆಂದು ನಾವು ಕೊರಗಬೇಕಾಗಿಲ್ಲ. ಅದು ಊರಿನೊಳಗೆ ಅಡಗಿ ಕುಳಿತಿದೆ.

ಹನುಮಂತಯ್ಯನವರ ಹೆಸರಿಗೇ ಬಂದರೆ ಅಲ್ಲಿ ಊರಿನ ಜೊತೆಗೆ ದೇವರೂ ಇದ್ದಾನೆ. ಕೆಂಗಲ್ ಎಂದರೆ ಕೆಂಪು ಕಲ್ಲು. ರಾಮನಗರ, ಚನ್ನಪಟ್ಟಣಗಳ ನಡುವೆ ದಾರಿಯಲ್ಲಿರುವ ಆಂಜನೇಯನ ನೆಲೆ. ಕೆಂಗಲ್ ಎಂಬ ಸ್ಥಳ, ಹನುಮಂತನೆಂಬ ದೇವರು, ಅಯ್ಯ ಎಂಬ ಮರ್ಯಾದೆ ಈ ಮೂರೂ ಸೇರಿ ವಿಧಾನಸೌಧವನ್ನು ಕಟ್ಟಿಸಿದ ಮುಖ್ಯಮಂತ್ರಿಗಳ ಹೆಸರಾಗಿದೆ.

ಈ ನಾಲ್ಕು ತಾಲ್ಲೂಕುಗಳ ಹಾಜರಿ ಪುಸ್ತಕಗಳನ್ನು ತೆರೆದಿಟ್ಟುಕೊಂಡರೆ ದೇವರುಗಳ ಒಂದು ಭೂಪಟವನ್ನೇ ಬರೆಯಬಹುದು. ಮಾಗಡಿಯ ತಿರುಮಲೆಯ ರಂಗನಾಥನ ಸುತ್ತ ರಂಗಯ್ಯ, ರಂಗಪ್ಪ, ರಂಗಮ್ಮ, ರಂಗಸ್ವಾಮಯ್ಯ. ತಿಮ್ಮಯ್ಯ, ತಿಮ್ಮಕ್ಕ ಎಂಬಲ್ಲಿರುವ ‘ತಿಮ್ಮ’ನೂ ತಿರುಮಲನೇ. ಸಾವನದುರ್ಗದ ಕಡೆಗೆ ಬಂದರೆ ವೀರಭದ್ರನೂ ನರಸಿಂಹನೂ ಒಂದೇ ಬಂಡೆಯ ಬುಡದಲ್ಲಿದ್ದಾರೆ. ವೀರಭದ್ರಯ್ಯ, ವೀರಣ್ಣ, ನರಸಿಂಹಯ್ಯ, ನರಸಮ್ಮಗಳಿಗೆ ಕೊರತೆಯಿಲ್ಲ. ರಾಮನಗರದ ರೇವಣಸಿದ್ಧೇಶ್ವರನ ಬೆಟ್ಟದ ಸುತ್ತ ರೇವಣ್ಣ, ರೇವಣಸಿದ್ಧಯ್ಯ. ಕನಕಪುರದ ಕಬ್ಬಾಳಮ್ಮನಿಂದ ಕಬ್ಬಾಳಯ್ಯ, ಕಬ್ಬಾಳೇಗೌಡ. ಈ ಹೆಸರು ಕೇಳಿದ ಕೂಡಲೇ ಮನುಷ್ಯ ಎಲ್ಲಿಯವನೆಂದು ಹೇಳಿಬಿಡಬಹುದು. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಪ್ರಮೇಯಸ್ವಾಮಿ. ಅಳತೆಗೆ ಸಿಕ್ಕದವನು ಎಂಬ ಉಪನಿಷತ್ತಿನ ಗಾಂಭೀರ್ಯದ ಆ ಹೆಸರನ್ನು ಮನೆಯಲ್ಲಿ ‘ಅಪ್ಪಿ’ ಎಂದು ಕೂಗುವುದನ್ನು ಕೇಳಿದ್ದೇನೆ. ದಕ್ಷಿಣಕ್ಕೆ ಕಾವೇರಿಯ ಕಡೆ ಇಳಿದಂತೆ ಮಲೆಯ ಮಾದೇಶ್ವರನ ಮಾದಪ್ಪ, ಮಾದಮ್ಮ, ಮಾದೇಗೌಡರೂ, ಮಂಟೇಸ್ವಾಮಿ ಪರಂಪರೆಯ ಸಿದ್ದಯ್ಯ, ಸಿದ್ದರಾಜು, ರಾಚಯ್ಯಗಳೂ ಹೆಚ್ಚುತ್ತಾರೆ. ಹೊಳೆಯ ದಡದ ಮುತ್ತತ್ತಿಯ ಆಂಜನೇಯ ಮುತ್ತತ್ತಿರಾಯ. ಅವನ ಹೆಸರಿನಲ್ಲಿ ಮುತ್ತುರಾಜರು. ರಾಜಕುಮಾರ್ ಎಂದು ನಾಡಿಗೆ ಪರಿಚಿತರಾದ ನಟರ ಹುಟ್ಟುಹೆಸರು ಮುತ್ತುರಾಜು ಎಂಬುದು ಎಲ್ಲರಿಗೂ ತಿಳಿದ ವಿಷಯ.

ಈ ಮಾತು ಮುಸಲ್ಮಾನರ ಹೆಸರುಗಳಿಗೂ ಸಲ್ಲುತ್ತದೆ. ಚನ್ನಪಟ್ಟಣದ ಬೀದಿಗಳಲ್ಲಿ ಕೇಳಿಬರುವ ‘ಗೌಸ್’ ಎಂಬ ಹೆಸರು ಬಾಗ್ದಾದಿನ ಸಂತ ಅಬ್ದುಲ್ ಖಾದಿರ್ ಜೀಲಾನಿಯವರ ಬಿರುದಿನಿಂದ ಬಂದದ್ದು. ಟಿಪ್ಪೂ ಸುಲ್ತಾನನಿಗೆ ಆ ಹೆಸರು ಬಂದದ್ದು ಆರ್ಕಾಟಿನ ಟಿಪ್ಪೂ ಮಸ್ತಾನ್ ಔಲಿಯಾ ಎಂಬ ಸಂತನಿಂದ. ಹರಕೆ ಹೊತ್ತು ಪಡೆದ ಮಗನಿಗೆ ಹರಕೆ ಸಲ್ಲಿಸಿದವನ ಹೆಸರಿಡುವುದರಲ್ಲಿ ಮಸೀದಿಗೂ ಗುಡಿಗೂ ಭೇದವಿಲ್ಲ. ಬಲ್ಗೇರಿಯದವರು ಇದನ್ನೇ ಒಂದು ಹಬ್ಬವಾಗಿ ಮಾಡಿಕೊಂಡಿದ್ದಾರೆ. ಮೇ 6ರಂದು ಸಂತ ಜಾರ್ಜನ ಹಬ್ಬವೆಂದರೆ ಗೆಯೊರ್ಗಿ ಎಂಬ ಹೆಸರಿನವರೆಲ್ಲರ ಹಬ್ಬ. ಡಿಸೆಂಬರ್ 6 ನಿಕೋಲಾಯ್ ಎಂಬವರೆಲ್ಲರದು. ಹುಟ್ಟಿದ ದಿನಕ್ಕಿಂತ ಹೆಸರಿನ ದಿನಕ್ಕೆ ಅಲ್ಲಿ ಮರ್ಯಾದೆ ಹೆಚ್ಚಂತೆ. ನಮ್ಮ ರಂಗಯ್ಯ ತೇರಿನ ದಿನ ಹೊಸ ಪಂಚೆ ಉಟ್ಟು ಬೀಗುವುದೂ ಅದೇ ಅಲ್ಲವೆ?

ಮಾಗಡಿಯ ಪ್ರಭುಗಳ ವಂಶಾವಳಿಯನ್ನು ಈ ಕಣ್ಣಿನಿಂದ ಓದಿದರೆ ಬಹಳ ಸೊಗಸಾಗಿದೆ. ರಣಭೈರೇಗೌಡ, ಜಯಗೌಡ, ಗಿಡ್ಡೇಗೌಡ, ಕೆಂಪನಂಜೇಗೌಡ, ಅನಂತರ 1537ರಲ್ಲಿ ಬೆಂಗಳೂರನ್ನು ಕಟ್ಟಿದನೆಂದು ಹೇಳುವ ಹಿರಿಯ ಕೆಂಪೇಗೌಡ. ಈ ಮನೆತನದ ಕುಲದೈವಗಳು ಭೈರವ ಮತ್ತು ಕೆಂಪಮ್ಮ. ಭೈರೇಗೌಡನಲ್ಲಿರುವುದು ಭೈರವ, ಕೆಂಪೇಗೌಡನಲ್ಲಿರುವುದು ಕೆಂಪಮ್ಮ. ಮೈಬಣ್ಣಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಇಮ್ಮಡಿ, ಮುಮ್ಮಡಿ ಕೆಂಪೇಗೌಡರ ತರುವಾಯ ದೊಡ್ಡವೀರಪ್ಪಗೌಡ, ಕೆಂಪವೀರಪ್ಪಗೌಡ ಎಂಬ ಹೆಸರುಗಳು ಬರುತ್ತವೆ. ಯಲಹಂಕದಲ್ಲಿ ಕೇಳದಿದ್ದ ಈ ‘ವೀರಪ್ಪ’ ಎಲ್ಲಿಂದ ಬಂದ? ಅಷ್ಟು ಹೊತ್ತಿಗೆ ವಂಶ ಮಾಗಡಿಯಲ್ಲಿ, ಸಾವನದುರ್ಗದ ಕೋಟೆಯ ನೆರಳಿನಲ್ಲಿ ನೆಲೆಸಿತ್ತು. ಬೆಟ್ಟದ ಬುಡದ ವೀರಭದ್ರ ಅರಮನೆಯ ತೊಟ್ಟಿಲಿಗೆ ಇಳಿದುಬಂದನೆಂದೇ ನನಗೆ ತೋರುತ್ತದೆ. 1728ರಲ್ಲಿ ಮೈಸೂರಿನ ಸೈನ್ಯ ದುರ್ಗವನ್ನು ಹಿಡಿಯುವುದರೊಂದಿಗೆ ಆ ಪ್ರಭುತ್ವ ಮುಗಿಯಿತು. ವೀರಭದ್ರಯ್ಯಗಳು ಮಾತ್ರ ಮುಂದುವರಿದರು.

ಒಂದೇ ಹೆಸರು ಮನೆಯಲ್ಲಿ ಮರುಕಳಿಸುವುದಕ್ಕೆ ಕಾರಣ ತಿಳಿದದ್ದೇ: ಮೊಮ್ಮಗನಿಗೆ ತಾತನ ಹೆಸರು, ಮೊಮ್ಮಗಳಿಗೆ ಅಜ್ಜಿಯ ಹೆಸರು. ಇದರಿಂದ ಎರಡು ತೊಡಕುಗಳು ಹುಟ್ಟಿಕೊಂಡವು. ಮೊದಲನೆಯದು ಲೆಕ್ಕದ ತೊಡಕು. ಅಣ್ಣತಮ್ಮಂದಿರಿಬ್ಬರೂ ತಮ್ಮ ತಂದೆಯ ಹೆಸರನ್ನೇ ಮಕ್ಕಳಿಗಿಟ್ಟರೆ ಒಂದೇ ಹಟ್ಟಿಯಲ್ಲಿ ಇಬ್ಬರು ಕೆಂಪಯ್ಯಗಳು. ಆಗ ಒಬ್ಬ ದೊಡ್ಡಕೆಂಪಯ್ಯ, ಇನ್ನೊಬ್ಬ ಚಿಕ್ಕಕೆಂಪಯ್ಯ. ದೊಡ್ಡತಾಯಮ್ಮ, ಚಿಕ್ಕತಾಯಮ್ಮ, ಪುಟ್ಟನಂಜಮ್ಮ ಎಂಬ ಹೆಸರುಗಳ ಹಿಂದೆಲ್ಲ ಇಂಥದೊಂದು ತುಂಬಿದ ಮನೆಯಿದೆ. ಅರಸುಗಳಾದರೆ ಇಮ್ಮಡಿ, ಮುಮ್ಮಡಿ ಎನ್ನುತ್ತಾರೆ. ಒಕ್ಕಲಿನವರಾದರೆ ದೊಡ್ಡ, ಚಿಕ್ಕ ಎನ್ನುತ್ತಾರೆ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ 2015ರಲ್ಲಿ ಬೆಳಕಿಗೆ ಬಂದ ಸಮಾಧಿಯ ಕಲ್ಲಿನ ಬರಹ ಯಾವ ಕೆಂಪೇಗೌಡರದೆಂದು ವಿದ್ವಾಂಸರು ನಿರ್ಧರಿಸಲು ನೆರವಾದದ್ದು ಅದರಲ್ಲಿರುವ ‘ಹಿರಿಯ’ ಎಂಬ ಒಂದು ಮಾತು.

ಎರಡನೆಯದು ಸೊಸೆಯ ತೊಡಕು. ಗಂಡನ ಹೆಸರನ್ನೂ ಮಾವನ ಹೆಸರನ್ನೂ ಆಕೆ ನಾಲಗೆಯ ಮೇಲೆ ತರುವಂತಿಲ್ಲ. ಹೆತ್ತ ಮಗನಿಗೆ ಮಾವನ ಹೆಸರನ್ನೇ ಇಟ್ಟಿದ್ದಾರೆ. ಅವಳು ಮಗುವನ್ನು ಕೂಗುವುದು ಹೇಗೆ? ಅಪ್ಪಾಜಿ, ಅಪ್ಪಯ್ಯ, ಅಜ್ಜಯ್ಯ, ದೊರೆ, ಪುಟ್ಟಸ್ವಾಮಿ ಹೀಗೆ ನೂರು ದಾರಿಗಳನ್ನು ಕಂಡುಕೊಂಡಳು. ಹಳೆಯ ತಲೆಮಾರಿನ ಎಷ್ಟೋ ಮಂದಿಗೆ ದಾಖಲೆಯ ಹೆಸರೊಂದು, ಕರೆಯುವ ಹೆಸರೊಂದು ಇರುವುದಕ್ಕೆ ಇದೇ ಮೂಲ. ಪತ್ರಗಳಲ್ಲಿ ‘ಉರುಫ್’ ಎಂದು ಬರೆದು ಎರಡನ್ನೂ ನಮೂದಿಸುತ್ತಾರೆ. ಒಬ್ಬ ಹೆಣ್ಣುಮಗಳ ಸಂಕೋಚ ಸಬ್‌ರಿಜಿಸ್ಟ್ರಾರರ ಕಚೇರಿಯವರೆಗೆ ನಡೆದುಬಂದ ಕಥೆ ಅದು.

ಇನ್ನು ಮಕ್ಕಳು ಉಳಿಯದ ಮನೆಗಳ ಹೆಸರುಗಳು. ಸಿಡುಬು, ಪ್ಲೇಗುಗಳ ಕಾಲದಲ್ಲಿ ನಾಲ್ಕು ಹೆತ್ತು ನಾಲ್ಕನ್ನೂ ಮಣ್ಣಿಗಿಟ್ಟ ತಾಯಿ ಐದನೆಯದಕ್ಕೆ ಚಂದದ ಹೆಸರಿಡಲು ಹೆದರಿದಳು. ತಿಪ್ಪೆಯ ಮೇಲೆ ಮೊರದಲ್ಲಿ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಎಂದಳು. ಹುಚ್ಚಯ್ಯ, ಹುಚ್ಚಮ್ಮ, ಕಲ್ಲಯ್ಯ, ಗುಂಡಯ್ಯ, ಅಡವಿಯಪ್ಪ ಎಂದಳು. ಇದು ಯಾರಿಗೂ ಬೇಡವಾದದ್ದು, ಸಾವಿಗೂ ಬೇಡವಾಗಲಿ ಎಂಬುದು ಅದರ ತರ್ಕ. ಬಲ್ಗೇರಿಯದ ತಾಯಿ ಇನ್ನೂ ನೇರವಾಗಿ ಮಾತನಾಡುತ್ತಾಳೆ. ಅಲ್ಲಿ ಸ್ತೊಯಾನ್ ಎಂಬುದೊಂದು ಬಳಕೆಯ ಹೆಸರು. ಅದರ ಮೂಲದಲ್ಲಿರುವ ಧಾತುವಿಗೆ ‘ನಿಲ್ಲು’ ಎಂದರ್ಥ. ಝಿವ್ಕೋ ಎಂದರೆ ಬದುಕುವವನು. ಡ್ಯಾನ್ಯೂಬಿಗೂ ಕಾವೇರಿಗೂ ನಂಟಿಲ್ಲದ ಎರಡು ಜನಾಂಗಗಳು ಸಾವಿನ ಮುಂದೆ ಒಂದೇ ಉಪಾಯವನ್ನು ಹೂಡಿದವು. ‘ಹುಚ್ಚಮ್ಮ’ ಎಂದು ಕೇಳಿ ನಗುವ ಪೇಟೆಯ ಹುಡುಗರಿಗೆ ಈ ವಿಷಯವನ್ನು ಶಾಲೆಯಲ್ಲಿ ಹೇಳಿಕೊಡಬೇಕು.

ಆದರೆ ಎಲ್ಲ ಒರಟು ಹೆಸರುಗಳೂ ಪ್ರೀತಿಯಿಂದ ಇಟ್ಟವಲ್ಲ. ಹೆಸರುಗಳ ಚರಿತ್ರೆಯಲ್ಲಿ ಕಹಿಯಾದ ಪುಟ ಇದು, ಇದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಹಳೆಯ ದಾಖಲೆಗಳಲ್ಲಿ ಊರಿನವರ ಹೆಸರುಗಳು ಅಯ್ಯ, ಅಪ್ಪ, ಗೌಡ, ಶೆಟ್ಟಿ ಎಂದು ಮುಗಿಯುತ್ತವೆ; ಕೇರಿಯವರ ಹೆಸರುಗಳು ಮಾರ, ಕಾಳ, ಕರಿಯ, ಗುಳ್ಳ ಎಂದು ಬೋಳಾಗಿ ನಿಲ್ಲುತ್ತವೆ. ಕರಿಯ ಬಿನ್ ಮಾರ. ದೇವರೂ ಅದೇ ಮಾರಮ್ಮ, ಹರಕೆಯೂ ಅದೇ. ಆದರೆ ಒಬ್ಬನಿಗೆ ಅವಳಿಂದ ಮಾರೇಗೌಡನೆಂಬ ಹೆಸರು ಬಂದರೆ ಇನ್ನೊಬ್ಬನಿಗೆ ಮಾರನೆಂಬುದಷ್ಟೆ. ಎಪ್ಪತ್ತು ವರ್ಷದ ಮುದುಕನನ್ನು ಏಳು ವರ್ಷದ ಪೋರ ‘ಲೇ ಮಾರ’ ಎಂದು ಕೂಗಬಹುದಾಗಿತ್ತು. ಒಂದು ‘ಅಯ್ಯ’ ಎಂಬ ಪ್ರತ್ಯಯದಲ್ಲಿ ಎಷ್ಟು ತೂಕವಿದೆಯೆಂಬುದು ಅದನ್ನು ಹುಟ್ಟಿನಿಂದಲೇ ಪಡೆದವರಿಗೆ ಗೊತ್ತಾಗುವುದಿಲ್ಲ. ಅದನ್ನು ಸೇರಿಸಿದ ಪುಣ್ಯ ಎಷ್ಟೋ ಕಡೆ ಶಾಲೆಯ ಮೇಷ್ಟ್ರುಗಳದು. ಅಡ್ಮಿಷನ್ ರಿಜಿಸ್ಟರಿನಲ್ಲಿ ಹುಟ್ಟಿದ ತಾರೀಖನ್ನು ಅಂದಾಜಿನಿಂದ ಬರೆಯುವಾಗಲೇ ‘ಕರಿಯ’ನನ್ನು ‘ಕರಿಯಪ್ಪ’ನೆಂದೋ ‘ಕೃಷ್ಣಮೂರ್ತಿ’ಯೆಂದೋ ಬರೆದುಬಿಟ್ಟರು. ಒಂದು ಗೀಟಿನಲ್ಲಿ ಆದ ಸಮಾಜಸುಧಾರಣೆಯೆಂದು ಇದನ್ನು ಹೊಗಳಬಹುದು. ತಂದೆತಾಯಿಯಿಟ್ಟ ಹೆಸರಿಗೆ ಅವಮಾನ ಅಂಟಿಸಿದವರು ಬೇರೆಯವರಾಗಿರುವಾಗ, ಹೆಸರು ಬದಲಾಯಿಸಬೇಕಾದವನು ಮಾತ್ರ ಅವನೇ ಏಕೆ ಎಂದೂ ಕೇಳಬಹುದು.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರ ಹೆಸರನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪಕ್ಕದ ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ಗದ್ದುಗೆಯಿದೆ. ಆ ಹೆಸರು ಸುತ್ತಲ ಎಲ್ಲ ಜಾತಿಗಳ ತೊಟ್ಟಿಲಿಗೂ ಬಂದಿದೆ. ಹಿಂದೆ ಊರಿನ ಅಕ್ಷರವಿಲ್ಲದೆ, ತಂದೆಯ ಅಕ್ಷರವಿಲ್ಲದೆ, ‘ಸಿದ್ಧಲಿಂಗಯ್ಯ’ ಎಂಬ ಒಂದೇ ಹೆಸರಿನಿಂದ ಅವರು ನಾಡಿಗೆಲ್ಲ ಗುರುತಾದರು. ಆತ್ಮಕಥೆಗೆ ಅವರಿಟ್ಟ ಹೆಸರು ‘ಊರು ಕೇರಿ’. ಇನಿಷಿಯಲ್ಲಿನ ಊರು ಯಾರ ಊರು ಎಂಬ ಪ್ರಶ್ನೆ ಆ ಶೀರ್ಷಿಕೆಯಲ್ಲಿಯೇ ಇದೆ.

ಹೆಸರನ್ನು ಅಧಿಕಾರ ಮುಟ್ಟಿದಾಗ ಏನಾಗುತ್ತದೆಂಬುದಕ್ಕೆ ಬಲ್ಗೇರಿಯದ ಚರಿತ್ರೆಯಲ್ಲಿ ಒಂದು ಭಯಂಕರ ಅಧ್ಯಾಯವಿದೆ. 1984ರ ಚಳಿಗಾಲದಿಂದ 1985ರವರೆಗೆ ಅಲ್ಲಿಯ ಕಮ್ಯುನಿಸ್ಟ್ ಸರ್ಕಾರ, ದೇಶದೊಳಗಿನ ತುರ್ಕಿ ಭಾಷೆಯ ಮುಸಲ್ಮಾನರು 8 ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಬಲವಂತವಾಗಿ ಬಲ್ಗೇರಿಯದ ಹೆಸರುಗಳಿಗೆ ಬದಲಾಯಿಸಿತು. ಹಳ್ಳಿಗಳನ್ನು ಸೈನಿಕರು ಸುತ್ತುವರಿದರು. ಪಟ್ಟಿಯಲ್ಲಿದ್ದ ಹೆಸರುಗಳಲ್ಲಿ ಒಂದನ್ನು ಆರಿಸಿಕೊಂಡು ಜನ ಸಹಿಮಾಡಬೇಕಾಯಿತು. ಪ್ರತಿಭಟಿಸಿದವರಲ್ಲಿ ಕೆಲವರು ಸತ್ತರು, ಅನೇಕರು ಸೆರೆಮನೆಗೆ ಹೋದರು. 1989ರಲ್ಲಿ 3 ಲಕ್ಷಕ್ಕೂ ಮಿಕ್ಕ ಜನ ದೇಶವನ್ನೇ ಬಿಟ್ಟು ತುರ್ಕಿಗೆ ಹೊರಟರು. ಆ ಸರ್ಕಾರ ಬಿದ್ದ ಮೇಲೆ, 1990ರಲ್ಲಿ, ಹಳೆಯ ಹೆಸರನ್ನು ಮರಳಿ ಪಡೆಯುವ ಹಕ್ಕು ಕಾಯಿದೆಯಿಂದ ಬಂದಿತು. ಹೊಲಮನೆ ಕಳೆದುಕೊಂಡವರು ಮೊದಲು ಕೇಳಿದ್ದು ಹೆಸರನ್ನು.

ನಮ್ಮಲ್ಲಿ ಆಳುವವರು ಹೆಸರು ಬದಲಾಯಿಸಿದ್ದು ಊರುಗಳದು. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್; 1799ರ ನಂತರ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬವನ ಹೆಸರಿನಿಂದ ಕ್ಲೋಸ್‌ಪೇಟೆ; ಸ್ವಾತಂತ್ರ್ಯ ಬಂದ ಮೇಲೆ ರಾಮನಗರ. ಕಾನಕಾನಹಳ್ಳಿ ಕನಕಪುರವಾಯಿತು. ರಾಮನಗರ 2007ರಲ್ಲಿ ಪ್ರತ್ಯೇಕ ಜಿಲ್ಲೆಯ ಕೇಂದ್ರವಾಗಿ, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂತು. ಭೂವಿಜ್ಞಾನಿಗಳಿಗೆ ಮಾತ್ರ ಈ ಯಾವುದೂ ಲೆಕ್ಕವಿಲ್ಲ. ಸುಮಾರು 250 ಕೋಟಿ ವರ್ಷ ವಯಸ್ಸಿನ ಇಲ್ಲಿಯ ಬಂಡೆಗಳನ್ನು ಅವರು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ರಾಮನ ಬೆಟ್ಟದ ಕಲ್ಲಿಗೆ ಆಂಗ್ಲ ಸೇನಾಧಿಕಾರಿಯ ಹೆಸರು!

ಮನೆತನದ ಹೆಸರೇ ಇಲ್ಲವೆಂದು ಮೊದಲಲ್ಲಿ ಹೇಳಿದೆನಷ್ಟೆ. ಬರೆಯುವ ಹೆಸರಿಲ್ಲ ಎಂದು ಅದನ್ನು ತಿದ್ದಿಕೊಂಡು ಕೇಳಬೇಕು. ಒಕ್ಕಲಿಗರಲ್ಲಿ, ಕುರುಬರಲ್ಲಿ, ಇನ್ನೂ ಹಲವು ಜನಾಂಗಗಳಲ್ಲಿ ಬೆಡಗುಗಳೆಂಬ ಒಳಪಂಗಡಗಳಿವೆ. ಮರ, ಪ್ರಾಣಿ, ಧಾನ್ಯ, ಲೋಹ ಹೀಗೆ ಒಂದೊಂದು ಬೆಡಗಿಗೆ ಒಂದೊಂದು ಹೆಸರು. ಆ ಬೆಡಗಿನವರು ಆ ವಸ್ತುವಿಗೆ ಕೇಡುಮಾಡುವಂತಿಲ್ಲ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರು 1928ರಿಂದ 1935ರವರೆಗೆ ಹೊರತಂದ ಮೈಸೂರಿನ ಜಾತಿಬುಡಕಟ್ಟುಗಳ ಗ್ರಂಥದಲ್ಲಿ ಇಂಥ ಪಟ್ಟಿಗಳು ಪುಟಗಟ್ಟಲೆ ಇವೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಕೊಟ್ಟು ತರುವಂತಿಲ್ಲ. ಹೆಣ್ಣು ಕೇಳಲು ಬಂದಾಗ ಹಿರಿಯರು ಮೊದಲು ವಿಚಾರಿಸುವ ಈ ಹೆಸರು ಯಾವ ಶಾಲೆಯ ಪುಸ್ತಕದಲ್ಲಿಯೂ, ಯಾವ ಮತದಾರರ ಪಟ್ಟಿಯಲ್ಲಿಯೂ ಇಲ್ಲ. ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಇಳಿದುಬಂದದ್ದು ಇದೊಂದೇ. ಇದನ್ನು ಕಾಗದಕ್ಕೆ ಇಳಿಸಲಿಲ್ಲ.

ಕಾಗದಕ್ಕೆ ಇಳಿಸಲೇಬೇಕಾದ ಕಾಲ ಬಂದಾಗ ನಮ್ಮವರ ಕೈಯಲ್ಲಿದ್ದದ್ದು ಆ ಎರಡಕ್ಷರ ಮಾತ್ರ. ಪಾಸ್‌ಪೋರ್ಟಿನ ನಮೂನೆ ತುಂಬುವಾಗ ಒಬ್ಬ ಊರನ್ನು ಬಿಡಿಸಿ ಬರೆದ. ಅಮೆರಿಕದಲ್ಲಿ ಅವನು ‘ಮಿಸ್ಟರ್ ಚನ್ನಪಟ್ಟಣ’ನಾದ. ಇನ್ನೊಬ್ಬ ತಂದೆಯನ್ನು ಬಿಡಿಸಿ ಬರೆದ. ಅವನ ಮೇಲಧಿಕಾರಿ ದಿನಬೆಳಗಾದರೆ ಅವನ ಅಪ್ಪನ ಹೆಸರು ಹಿಡಿದು ಅವನನ್ನು ಕೂಗುತ್ತಾನೆ. ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳಲು ಸಂಕೋಚಪಡುವ ಮನೆಯಿಂದ ಹೋದವನಿಗೆ ಅದನ್ನು ಅರಗಿಸಿಕೊಳ್ಳಲು ಕೆಲವು ಕಾಲ ಹಿಡಿಯುತ್ತದೆ. ಅವನ ಹೆಂಡತಿಯಂತೂ ಮಾವನ ಹೆಸರನ್ನೇ ತನ್ನ ಹೆಸರಿನ ಬಾಲಕ್ಕೆ ಕಟ್ಟಿಕೊಂಡಿದ್ದಾಳೆ! ಅವಳ ಅಜ್ಜಿ ನೂರು ದಾರಿ ಸುತ್ತಿ ತಪ್ಪಿಸಿಕೊಂಡ ಹೆಸರು ಈಗ ಅವಳ ಸಹಿಯಲ್ಲಿದೆ.

ಹೆಣ್ಣುಮಕ್ಕಳ ಹೆಸರಿನ ವಿಷಯವಾಗಿ ಕಾಲಾವಕಾಶವಿದ್ದಿದ್ದರೆ ಇನ್ನೊಂದು ಭಾಷಣವನ್ನೇ ಮಾಡಬಹುದಾಗಿತ್ತು. ಶಾಸನಗಳ ‘ಅಬ್ಬೆ’ ಅವ್ವನಾಗಿ, ಅಮ್ಮನಾಗಿ, ಅಕ್ಕನಾಗಿ ಉಳಿದಿದ್ದಾಳೆ. ಅವಳ ಹಿಂದಿನ ಅಕ್ಷರ ಮಾತ್ರ ಮದುವೆಗೆ ಮುಂಚೆ ತಂದೆಯದು, ಆಮೇಲೆ ಗಂಡನದು. ಮಾಗಡಿ ತಾಲ್ಲೂಕಿನಲ್ಲಿ ಒಬ್ಬ ಹೆಂಗಸಿನ ವಿಷಯದಲ್ಲಿ ಮಾತ್ರ ಈ ನಿಯಮ ತಪ್ಪಿತು. ಹುಲಿಕಲ್ಲಿನ ಚಿಕ್ಕಯ್ಯನವರ ಹೆಂಡತಿ ತಿಮ್ಮಕ್ಕ. ಓದು ಬರಹವಿಲ್ಲ, ಮಕ್ಕಳಿಲ್ಲ. ಗಂಡಹೆಂಡಿರು ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಎರಡು ಬದಿಗೂ 385 ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಸಾಕಿದರು. ಸರ್ಕಾರ 2019ರಲ್ಲಿ ಪದ್ಮಶ್ರೀ ಕೊಡುವುದಕ್ಕೆ ಬಹಳ ಮೊದಲೇ ಜನ ಅವರಿಗೆ ‘ಸಾಲುಮರದ’ ಎಂದು ಸೇರಿಸಿ ಕರೆದಿದ್ದರು. 2025ರ ನವೆಂಬರಿನಲ್ಲಿ ತೀರಿಕೊಂಡಾಗ ಪತ್ರಿಕೆಗಳೆಲ್ಲ ಅಚ್ಚುಮಾಡಿದ್ದೂ ಆ ಹೆಸರನ್ನೇ. ತಂದೆಯದೂ ಅಲ್ಲದ, ಗಂಡನದೂ ಅಲ್ಲದ ಆ ‘ಸಾಲುಮರದ’ ಎಂಬ ಷಷ್ಠೀ ವಿಭಕ್ತಿ ಹುಲಿಕಲ್ಲಿನಿಂದ ಕುದೂರಿನವರೆಗೆ ರಸ್ತೆಯ ಎರಡು ಕಡೆಯೂ ನಿಂತಿದೆ.